ಹಗೇವಿನೊಳಗಿನ ಬ್ಯಾಂಡು

ಸದ್ದು ಮಾಡಿದವರನ್ನು ಎಲ್ಲರೂ ಬೈಯುತ್ತಾರೆ. ಸದ್ದು ನಿಲ್ಲಿಸಿದವನನ್ನು ಯಾರೂ ವಿಚಾರಿಸುವುದಿಲ್ಲ. ಹಾಗಾಗಿಯೇ ನಾನು ಇಷ್ಟು ವರ್ಷ ಮರ್ಯಾದಸ್ಥನಾಗಿ ಉಳಿದಿದ್ದೇನೆ. ಈಗ ಕಿವಿ ಮಂದವಾಗಿದೆ, ಬೈದರೂ ಅರ್ಧವೇ ಕೇಳಿಸುತ್ತದೆ. ತಪ್ಪೊಪ್ಪಿಕೊಳ್ಳಲು ಇದಕ್ಕಿಂತ ಒಳ್ಳೆಯ ವಯಸ್ಸು ಇನ್ನೊಂದಿಲ್ಲ.

ಎಪ್ಪತ್ತರ ದಶಕದಲ್ಲಿ ಹೈಸ್ಕೂಲು ಮುಗಿಸಿ ಹಿರಿಯೂರಿನಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದೆ. ಯಲ್ಲದಕೆರೆಯ ಗೆಳೆಯ ತಿಪ್ಪೇಶನದು ಕುರಿ ಸಾಕುವ ಮನೆ. ಒಮ್ಮೆ ಅವನು ಮೈಕನ್ನು ಲೌಡ್‌ಸ್ಪೀಕರಿನ ಹಾರ್ನಿನ ಬಾಯಿಗೇ ಹಿಡಿದ. 'ಕೂಂಯ್' ಎಂದು ಒಂದು ಕೀರಲು ಎದ್ದಿತು. ನಾವು ಮೈಕಿನವರು ಜೀವಮಾನವಿಡೀ ಆ ಕೂಗು ಬರದ ಹಾಗೆ ನೋಡಿಕೊಳ್ಳುವವರು. ತಿಪ್ಪೇಶನೋ ಕಣ್ಣರಳಿಸಿ, "ಲೇ, ಇದು ಹಾಡ್ತೈತೆ ಕಣೋ!" ಎಂದ. ಅಂದೇ ನಮ್ಮ ಬ್ಯಾಂಡು ಹುಟ್ಟಿತು. ತಿಪ್ಪೇಶನ ಗಂಟಲು ಮತ್ತು ಉರುಮೆ ವಾದ್ಯ, ಅವನ ಚಿಕ್ಕಪ್ಪನ ಮಗ ಬಸವನ ಖಾಲಿ ಡಾಂಬರು ಡ್ರಮ್ಮು, ನನ್ನ ಮೈಕ್‌ಸೆಟ್.

ಮನೆಯಲ್ಲಿ ಬಾರಿಸಿದರೆ ಎಮ್ಮೆ ಹಾಲು ಕೊಡದೆ ಒದೆಯುತ್ತಿತ್ತು. ಆದ್ದರಿಂದ ಅವರ ಹಿತ್ತಲಿನ ಹಗೇವಿಗೆ ಇಳಿದೆವು. ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ ಅದು. ಆಗ ಖಾಲಿ ಬಿದ್ದಿತ್ತು. ಒಳಗೆ ಕೆಟ್ಟ ಗಾಳಿ ಇದೆಯೇ ಎಂದು ನೋಡಲು ಮೊದಲು ಲಾಟೀನು ಇಳಿಬಿಟ್ಟು, ಅದು ಆರದಿದ್ದರೆ ಏಣಿ ಹಾಕಿ ನಾವು, ನಮ್ಮ ಹಿಂದೆ ಬ್ಯಾಟರಿ. ಒಳಗೆ ಎಲ್ಲ ಸದ್ದೂ ಸೇರಿದಾಗ ಗೋಡೆಯ ಮಣ್ಣು ಉದುರುತ್ತಿತ್ತು, ಹಲ್ಲು ತಾವೇ ಕಟಕಟಿಸುತ್ತಿದ್ದವು. ಗುಡುಗಿನ ಹೊಟ್ಟೆಯೊಳಗೆ ಕುಳಿತಂತೆ. ನನಗೆ ಭಯವಾಗುತ್ತಿತ್ತು, ಕೈಮುಗಿಯಬೇಕೆಂದೂ ಅನ್ನಿಸುತ್ತಿತ್ತು. ಈಗಿನವರು ಇಂಥದ್ದನ್ನು ರಾಕ್ ಎನ್ನುತ್ತಾರಂತೆ. ತಿಪ್ಪೇಶನ ತಾಯಿ "ಹಗೇವಿಗೆ ದೆವ್ವ ಹೊಕ್ಕೈತೆ" ಎನ್ನುತ್ತಿದ್ದರು.

ಕೊನೆಗೆ ತಿಪ್ಪೇಶನ ಅಪ್ಪ ಈರಣ್ಣ ಪಂದ್ಯ ಕಟ್ಟಿದರು. ಐಮಂಗಲದಲ್ಲಿ ನೆಂಟರ ಮದುವೆಯಿತ್ತು. "ಅಲ್ಲಿ ಬಾರಿಸು. ಮುಗಿಯೋ ತನಕ ಒಬ್ಬನಾರ ಕುಂತಿದ್ರೆ ಕುರಿ ನಾನೇ ನೋಡ್ಕಂತೀನಿ, ನೀನು ಹಾಡ್ಕ. ಇಲ್ಲಾಂದ್ರೆ ನಾಳಿಂದ ಕುರಿ ಹಿಂದೆ ನಡಿ."

ಊಟದ ಹೊತ್ತಿಗೆ ಶುರು ಮಾಡಿದೆವು. ಬೆಟ್ಟದಾಚೆಯ ಕುರಿಗಳನ್ನು ಕರೆಯುವ ಕೂಗನ್ನು ತಿಪ್ಪೇಶ ಹಾರ್ನಿನೆದುರೇ ನಿಂತು ಮೈಕಿಗೆ ಕೊಟ್ಟ. ಅದು ಸಾವಿರ ಗಂಟಲಾಗಿ ಹೊರಬಂತು. ಚಪ್ಪರದ ಗಳ ನಡುಗಿದವು. ಬೀಗರು ಎಲೆ ಬಿಟ್ಟೆದ್ದರು. ಅಡುಗೆಯವರು ಸೌಟಿನ ಸಮೇತ ಓಡಿದರು. "ಏನಪ್ಪ, ಮದುವೆಗೆ ಕರೆದ್ರೆ ಪ್ರಳಯ ತಂದೀಯಲ್ಲ!" ಎಂದು ಹೆಣ್ಣಿನ ಸೋದರಮಾವ ನನ್ನ ಕಡೆಗೇ ಬಂದರು. ತಿಪ್ಪೇಶನ ಕಣ್ಣು ಮುಚ್ಚಿತ್ತು. ಅಂಥ ಮುಖವನ್ನು ನಾನು ಮತ್ತೆಲ್ಲೂ ಕಂಡಿಲ್ಲ. ನಾನು ಸ್ವಿಚ್ ಆರಿಸಿದೆ. "ಬ್ಯಾಟರಿ ಇಳೀತು," ಎಂದೆ.

ಸದ್ದಡಗಿದ ಚಪ್ಪರದಲ್ಲಿ, ಕಂಬದ ಹಿಂದೆ, ಈರಣ್ಣ ಬಾಯಿ ತೆರೆದು ಕುಳಿತಿದ್ದರು. "ಕುಂತೇ ಇದ್ದೆ ಕಣಪ್ಪ," ಎಂದರು ಮಗನಿಗೆ. "ನಮ್ಮ ಕೂಗು ಇಷ್ಟು ದೊಡ್ಡದೈತೆ ಅಂತ ನಂಗೇ ಗೊತ್ತಿರ್ಲಿಲ್ಲ. ಆದ್ರೆ ಮುಗೀಲೇ ಇಲ್ವಲ್ಲ."

ಆಡಿದ ಮಾತಿಗೆ ತಪ್ಪುವ ಮನೆಯಲ್ಲ ಅದು. ಮರುದಿನ ತಿಪ್ಪೇಶ ಕುರಿ ಹಿಂದೆ ಹೊರಟ. ಹೋಗುವಾಗ ನನಗೇ ಸಮಾಧಾನ ಹೇಳಿದ: "ಬ್ಯಾಟರಿ ಇಳಿದ್ರೆ ನೀನೇನ್ ಮಾಡ್ತೀಯ, ಬಿಡಲೇ."

ಮೊನ್ನೆ ಕಿವಿಗೆ ಮಿಷನ್ ಹಾಕಿಸಿಕೊಂಡೆ. ಅಂಗೈ ಅಡ್ಡ ಹಿಡಿದರೆ ಅದೂ 'ಕೂಂಯ್' ಎನ್ನುತ್ತದೆ. ಅದೇ ಕೂಗು, ಕಡಲೆಕಾಳಿನಷ್ಟು. ಹಿಡಿದುಕೊಂಡೇ ಕುಳಿತೆ. "ಅದನ್ನ ಆರಿಸ್ರಿ, ತಲೆ ಸಿಡೀತೈತೆ," ಎಂದಳು ಹೆಂಡತಿ. "ಇರು, ಮುಗೀಲಿ," ಎಂದೆ. ಅವಳು ಎದ್ದು ಹೊರಗೆ ಹೋದಳು. ಈ ಸಲ ಯಾರು ಎದ್ದುಹೋದರೂ ಆರಿಸುವುದಿಲ್ಲವೆಂದು ಮನಸ್ಸು ಗಟ್ಟಿ ಮಾಡಿದ್ದೆ. ಅಷ್ಟರಲ್ಲಿ ಸದ್ದು ತಾನೇ ನಿಂತಿತು. ಅವಳು ಒಳಗೆ ಬಂದು 'ಅಂತೂ ಆರಿಸಿದ್ರಲ್ಲ' ಎಂದಿರಬೇಕು. ತುಟಿ ಹಾಗೆ ಆಡಿತು.

"ಬ್ಯಾಟರಿ ಇಳೀತು ಕಣೇ," ಎಂದೆ.

ದೇವರಾಣೆಗೂ ಇಳಿದಿತ್ತು. ಅವಳು ನಂಬಲಿಲ್ಲ.