ಗೆದ್ದ ಮಂಜುಗಡ್ಡೆಯ ಬೆವರು

ಉತ್ಸವದ ದಿನಗಳಲ್ಲಿ ಒಲಿಂಪಿಯದ ಪವಿತ್ರ ವನದೊಳಗೆ ಮೈಮೇಲೆ ಬಟ್ಟೆಯಿಲ್ಲದೆ ಯಾರು ನಿಂತಿರುತ್ತಾರೋ ಅವರು ಕ್ರೀಡಾಪಟುಗಳು ಎಂಬುದು ನಿಯಮ. ನಿಯಮವನ್ನು ಮಾಡಿದವರು ಹಿರಿಯರು, ಕಾಪಾಡಿಕೊಂಡು ಬಂದವನು ಜೀಯಸ್ ಸ್ವಾಮಿ. ಜಾರಿಗೆ ತರುವ ಭಾರ ಮಾತ್ರ ನಮ್ಮ ಎಲಿಸ್ ನಗರದ ಹತ್ತು ಮಂದಿ ತೀರ್ಪುಗಾರರ ಮೇಲಿತ್ತು. ಅವರಲ್ಲಿ ಹತ್ತನೆಯವನು ಯೂಫ್ರಾನರ್. ತೊಟ್ಟ ನೇರಳೆ ನಿಲುವಂಗಿ ಹೊಸದು, ಹಿಡಿದ ಬೆತ್ತ ಹೊಸದು, ಭಕ್ತಿಯೊಂದೇ ಹಳೆಯದು.

ಆ ವರ್ಷ ಸ್ವಾಮಿ ಬಿಸಿಲನ್ನು ತುಸು ಧಾರಾಳವಾಗಿಯೇ ಕರುಣಿಸಿದ್ದ. ಹೊಳೆ ಬತ್ತಿ ಕಲ್ಲುಗಳು ಮಾತ್ರ ಹರಿಯುವಂತೆ ಕಾಣುತ್ತಿದ್ದವು. ನೊಣಗಳ ಕಾಟ ತಪ್ಪಲೆಂದು ಪದ್ಧತಿಯಂತೆ ಒಂದು ಎತ್ತನ್ನು ಬಲಿ ಕೊಡಲಾಯಿತು. ಎತ್ತಿನ ವಾಸನೆಗೆ ಸುತ್ತಲಿನ ಊರುಗಳ ನೊಣಗಳೂ ಬಂದು ಉತ್ಸವದಲ್ಲಿ ಪಾಲ್ಗೊಂಡವು.

ಯೂಫ್ರಾನರ್‌ನ ಅಣ್ಣ ನಿಕಾಂಡ್ರೋಸ್, ತಮ್ಮನನ್ನು ನೇರಳೆ ನಿಲುವಂಗಿಯಲ್ಲಿ ನೋಡಬೇಕೆಂದೇ ನಡೆದು ಬಂದಿದ್ದ. ಅಪ್ಪ ತೀರಿಕೊಂಡ ಮೇಲೆ ತಮ್ಮನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವನೇ. ದೇವರೆದುರು ಟೊಪ್ಪಿಗೆ ಹಾಕುವುದು ಮರ್ಯಾದೆಯಲ್ಲವೆಂದು ಬರಿದಲೆಯಲ್ಲಿ ಒಂದು ಹಗಲು ನಿಂತ, ಬಿದ್ದ. ಈಗ ನದಿಯ ದಡದ ಮರದಡಿ ಮಲಗಿದ್ದ. ಮೈ ಕಾದ ಹೆಂಚಿನಂತಿತ್ತು.

ವೈದ್ಯ ನಾಡಿ ಹಿಡಿದು ನೋಡಿ ಹೇಳಿದ: "ತಣ್ಣಗಿರೋದು ಏನಾದ್ರೂ ತಲೆಗೆ ಒತ್ತಬೇಕು. ಇವತ್ತು, ಹೆಚ್ಚಂದ್ರೆ ನಾಳೆ. ಆದ್ರೆ ಈ ಊರಲ್ಲಿ ತಣ್ಣಗಿರೋದು ಏನಿದೆ ಹೇಳಿ, ನಿಮ್ಮ ಕಚೇರಿ ಕೆಲಸ ಒಂದು ಬಿಟ್ಟು?"

ಯೂಫ್ರಾನರ್ ಆಕಾಶದ ಕಡೆ ನೋಡಿ ಕೈಯೆತ್ತಿದ. ಸ್ವಾಮಿಗೆ ಕೇಳಿಸಿತು ಎನ್ನಬೇಕು. ಅದೇ ಹೊತ್ತಿಗೆ ನದಿಯಲ್ಲಿ ಇದ್ದಷ್ಟು ನೀರನ್ನು ನಂಬಿಕೊಂಡು ಕಡಲ ಕಡೆಯಿಂದ ಒಂದು ತೆಪ್ಪ ಮೇಲೇರಿ ಬಂತು. ಅದರ ಮೇಲೆ, ಹುಲ್ಲು ಹೊದಿಸಿ ಕುರಿಯುಣ್ಣೆಯ ದುಪ್ಪಟದಲ್ಲಿ ಸುತ್ತಿದ, ಕೊಬ್ಬಿದ ಹೋರಿಯಷ್ಟು ದೊಡ್ಡ ಒಂದು ಮಂಜುಗಡ್ಡೆ.

ತಂದವನು ಮಸ್ಸಾಲಿಯ ಊರಿನ ಹಡಗಿನ ಯಜಮಾನ, ಕ್ರಿನಾಸ್. ಥೂಲೆ ದ್ವೀಪವನ್ನೂ ದಾಟಿ, ಬಡಗಾಳಿ ಹುಟ್ಟುವ ಜಾಗದ ಆಚೆ, ಸಮುದ್ರವೇ ಹೆಪ್ಪುಗಟ್ಟಿ ಮಲಗಿರುವ ಕಡೆ ಹೋಗಿ ಕಡಿದು ತಂದಿದ್ದ.

"ಕಟ್ಟಿಕೊಂಡು ಹೊರಟಾಗ ದೇವಸ್ಥಾನದಷ್ಟಿತ್ತು," ಎಂದ ಅವನು. "ಸಿಸಿಲಿ ಹತ್ರ ಬರೋವಾಗ ಮನೆಯಷ್ಟಾಯ್ತು. ಈಗ ನೋಡಿ. ಅಲ್ಲಾ, ನಮ್ಮಪ್ಪನ ಕಾಲದಲ್ಲಿ ಥೂಲೆ ದಾಟಿದ ಕೂಡ್ಲೇ ಸಿಗ್ತಿತ್ತಂತೆ. ನಾನು ಇನ್ನೂ ಎಷ್ಟೋ ದಿನ ಮೇಲಕ್ಕೆ ಹೋಗಬೇಕಾಯ್ತು. ಅಲ್ಲೇ ಕರಗ್ತಾ ಇದೆ ಸ್ವಾಮಿ ಅದು."

"ಅದು ಅಲ್ಲಿಯವರ ಆಡಳಿತದ ವಿಚಾರ," ಎಂದರು ಮುಖ್ಯ ತೀರ್ಪುಗಾರ ಥಿಯೋಟಿಮೋಸ್. "ಇಲ್ಲಿಗೆ ಯಾಕೆ ತಂದೆ?"

"ಜೀಯಸ್ ಸ್ವಾಮಿಗೆ ಕಾಣಿಕೆ."

"ಕಾಣಿಕೆ ಅಂದ್ರೆ ಅದರ ಊರಿನ ಭಂಡಾರದಲ್ಲಿ ಇಡಬೇಕು. ಥೂಲೆಯವರ ಭಂಡಾರ ಇಲ್ಲಿ ಇದೆಯಾ?"

"ಇಲ್ಲ."

"ಕಟ್ಟಿಸೋಕೆ ಮಂಡಳಿ ಒಪ್ಪಿಗೆ ಬೇಕು. ಮಂಡಳಿ ಸೇರೋದು ಉತ್ಸವ ಮುಗಿದ ಮೇಲೆ. ಮೊದಲು ಆ ದುಪ್ಪಟ ತೆಗೆಸಿ, ಒಳಗೆ ಆಯುಧ ಬಚ್ಚಿಟ್ಟಿದ್ದಾರಾ ನೋಡೋಣ."

ದುಪ್ಪಟ ತೆಗೆದರು. ಆಯುಧವಿರಲಿಲ್ಲ. ಬಿಸಿಲಿನಲ್ಲಿ ಮಂಜುಗಡ್ಡೆ, ಎಣ್ಣೆ ಹಚ್ಚಿಕೊಂಡ ಮೈಯಂತೆ ಥಳಥಳ ಹೊಳೆಯಿತು. ಥಿಯೋಟಿಮೋಸ್ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ವನದ ಒಳಗೆ ಬಂದಾಯ್ತು ಅಲ್ವೇ?"

"ಬಂದಾಯ್ತು."

"ಮೈಮೇಲೆ ಬಟ್ಟೆ?"

"ಈಗ ತಾನೇ ನೀವೇ ತೆಗೆಸಿದ್ರಿ."

"ಹಾಗಾದ್ರೆ ಬರಕೊಳ್ಳಿ," ಎಂದರು ಥಿಯೋಟಿಮೋಸ್. ಮೇಣದ ಹಲಗೆಯ ಮೇಲೆ ಮಂಜುಗಡ್ಡೆಯ ಹೆಸರು ಕ್ರೀಡಾಪಟುಗಳ ಸಾಲಿಗೆ ಸೇರಿತು.

ಯೂಫ್ರಾನರ್ ಮೆಲ್ಲಗೆ ಮುಂದೆ ಬಂದ. "ಹಿರಿಯರೇ, ನಮ್ಮಣ್ಣನಿಗೆ ಬಿಸಿಲು ಬಡಿದು ಮಲಗಿದ್ದಾನೆ. ಮುಷ್ಟಿಯಷ್ಟು ತುಂಡು ಸಿಕ್ಕಿದ್ರೆ ಸಾಕಿತ್ತು."

"ಅಯ್ಯೋ, ಮೊದಲೇ ಹೇಳೋದಲ್ವೇನಪ್ಪ? ಕಾಣಿಕೆಯಾಗಿದ್ರೆ ಪ್ರಸಾದ ಅಂತ ಕೊಟ್ಟುಬಿಡಬಹುದಿತ್ತು. ಈಗ ಕ್ರೀಡಾಪಟು. ಸ್ಪರ್ಧೆಗೆ ಮುಂಚೆ ಕ್ರೀಡಾಪಟುವಿನ ಅಂಗ ಕತ್ತರಿಸಿದ್ರೆ ಏನಾಗುತ್ತೆ, ನೀನೇ ಹೇಳು."

"ಮಹಾಪಾಪ," ಎಂದ ಯೂಫ್ರಾನರ್. ಮೊನ್ನೆಯಷ್ಟೇ ಬಾಯಿಪಾಠ ಮಾಡಿದ್ದ.

"ಅಷ್ಟೆ. ಪಾಪ, ನಿಮ್ಮಣ್ಣ ಒಳ್ಳೆ ಮನುಷ್ಯ. ಪ್ರಾರ್ಥನೆ ಮಾಡೋಣ."

ಮಾಡಿದರು ಕೂಡ. ನಿಯಮದವರೆಂದು ಹೇಳುವವರು ಹೇಳಲಿ, ಕರುಣೆಯಿಲ್ಲದವರಲ್ಲ.

ಇನ್ನು ಉಳಿದದ್ದು ಅರ್ಹತೆಯ ವಿಚಾರಣೆ. ಗ್ರೀಕರಲ್ಲದವರಿಗೆ ಸ್ಪರ್ಧೆಯಿಲ್ಲ. ಮಂಜುಗಡ್ಡೆ ಗ್ರೀಕರೋ ಅಲ್ಲವೋ ಎಂದು ಮಧ್ಯಾಹ್ನದವರೆಗೆ ಚರ್ಚೆಯಾಯಿತು. ಕೊನೆಗೆ ವಯಸ್ಸಾದ ತೀರ್ಪುಗಾರರೊಬ್ಬರು, ವಿಜೇತರಿಗೆ ಕಿರೀಟ ಮಾಡುವ ನಮ್ಮ ಪವಿತ್ರ ಆಲಿವ್ ಮರವನ್ನು ಹೆರಾಕ್ಲಿಸ್ ವೀರ ತಂದದ್ದು ಬಡಗಾಳಿಯ ಆಚೆಯಿಂದಲೇ ಅಲ್ಲವೇ ಎಂದು ನೆನಪಿಸಿದರು. ಮರ ನಮ್ಮದಾದರೆ ಮರದ ಊರಿನವರೂ ನಮ್ಮವರೇ. ಎಲ್ಲರ ಕಣ್ಣಲ್ಲೂ ನೀರು ಬಂತು. ಮಂಜುಗಡ್ಡೆಯಿಂದಲೂ ಬಂತು.

ಪ್ರಮಾಣವಚನ ಬೋಧಿಸಬೇಕಿತ್ತು. ಕಾಡುಹಂದಿಯ ಮಾಂಸದ ಮೇಲೆ ಕೈಯಿಟ್ಟು ಹೇಳಬೇಕು. ಮಂಜುಗಡ್ಡೆಗೆ ಕೈಯಿಲ್ಲದ್ದರಿಂದ ಮಾಂಸವನ್ನೇ ಅದರ ಮೇಲೆ ಇಟ್ಟರು. ಬೇರೆಲ್ಲರ ಮಾಂಸ ಸಂಜೆಗೆ ನಾರಿತು, ಇದರದು ಕೆಡಲಿಲ್ಲ. ಇಷ್ಟು ಸತ್ಯಸಂಧ ಪೈಲ್ವಾನನನ್ನು ಹಿಂದೆ ಕಂಡಿಲ್ಲವೆಂದು ಪೂಜಾರಿಗಳು ಬರೆದುಕೊಟ್ಟರು.

"ಹತ್ತು ತಿಂಗಳ ತಾಲೀಮು ಆಗಿದೆಯಾ?" ಎಂದು ಕ್ರಿನಾಸ್‌ನನ್ನು ಕೇಳಿದರು.

"ಹುಟ್ಟಿದಾಗಿಂದ ನಿಂತಲ್ಲೇ ನಿಂತಿದೆ. ಬಿರುಗಾಳಿಗೂ ಅಲುಗಾಡಿಲ್ಲ."

"ಕುಸ್ತಿಗೆ ಬೇಕಾದ್ದು ಅದೇ. ಇದರ ಗುರು ಯಾರು?"

"ನಾನೇ ಅಂದುಕೊಳ್ಳಿ."

"ಗುರುವೂ ಬರಿಮೈಯಲ್ಲಿರಬೇಕು. ಬಿಚ್ಚು."

ಅಷ್ಟು ದೂರದ ಚಳಿಯಿಂದ ಈ ಬಿಸಿಲಿನವರೆಗೂ ಕಂಬಳಿ ಬಿಡದೆ ಬಂದ ಕ್ರಿನಾಸ್, ದೇವರ ಕೆಲಸವೆಂದು ಅದನ್ನೂ ಬಿಟ್ಟ.

ಅಷ್ಟರಲ್ಲಿ ಮಂಜುಗಡ್ಡೆಯ ಬುಡದಲ್ಲಿ ನೀರು ನಿಂತಿತ್ತು. "ತುಂಬ ಬೆವರ್ತಾ ಇದೆ," ಎಂದರು ಒಬ್ಬರು. "ಮೊದಲನೇ ಸಲ ಅಲ್ವಾ, ಅಂಜಿಕೆ," ಎಂದರು ಇನ್ನೊಬ್ಬರು. ಬೆವರು ಎಂದ ಕೂಡಲೇ ಕಚೇರಿ ಚುರುಕಾಯಿತು. ಪೈಲ್ವಾನರ ಮೈಯಿಂದ ಕೆರೆದು ತೆಗೆದ ಬೆವರು, ಎಣ್ಣೆ, ದೂಳನ್ನು ಕೀಲುನೋವಿಗೆ ಔಷಧಿಯೆಂದು ಮಾರುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಡಂಗುರದವನು ಸಾರಿದ:

"ಈ ಮೂಲಕ ಸಕಲ ಗ್ರೀಕರಿಗೂ ತಿಳಿಯಪಡಿಸುವುದೇನೆಂದರೆ, ಮಂಜುಗಡ್ಡೆಯವರ ಮೈಯಿಂದ ಇಳಿಯುವ ಸಮಸ್ತ ಬೆವರು ಕಚೇರಿಯ ಸ್ವತ್ತಾಗಿದ್ದು, ಸ್ಪರ್ಧೆ, ಕಿರೀಟಧಾರಣೆ ಹಾಗೂ ಮೆರವಣಿಗೆ ಮುಗಿದ ತರುವಾಯ ಮುದ್ರೆಯೊಡೆದು ಮಾರಲಾಗುವುದು. ಅದಕ್ಕೆ ಮುನ್ನ ನೆಕ್ಕುವವರು ದಂಡನಾರ್ಹರು."

ಹೂಜಿಗಳನ್ನು ಇಟ್ಟರು. ಉಳಿದವರು ಊಟಕ್ಕೆ ಹೋದಾಗ ಕಾವಲಿಗೆ ನಿಂತವನು ಯೂಫ್ರಾನರ್. ಒಂದು ಹನಿ ತಪ್ಪಿ ಅವನ ಅಂಗೈಗೆ ಬಿತ್ತು. ಮೊಣಕೈವರೆಗೂ ತಂಪು ಹತ್ತಿತು. ಸುತ್ತ ಯಾರೂ ಇರಲಿಲ್ಲ. ಮರದಡಿ ಮಲಗಿದ ಅಣ್ಣ ನೂರು ಹೆಜ್ಜೆಯಲ್ಲಿದ್ದ. ಆದರೆ ಮೇಲೆ ಸ್ವಾಮಿ ಇದ್ದ, ಕೆಳಗೆ ಹೂಜಿ ಇತ್ತು, ತಾನು ಇಟ್ಟ ಆಣೆಯಿತ್ತು. ಯೂಫ್ರಾನರ್ ಅಂಗೈ ಓರೆಮಾಡಿ ಹನಿಯನ್ನು ಹೂಜಿಗೆ ಬಿಟ್ಟ. ಆಮೇಲೆ ಅಂಗೈಯನ್ನು ಹೂಜಿಯ ಬಾಯಿಗೆ ಒರೆಸಿದ, ಒದ್ದೆಯೂ ಕಚೇರಿಯದೇ ಆದ್ದರಿಂದ.

ಸಂಜೆ ಅಣ್ಣ ಕಣ್ಣುಬಿಟ್ಟ. "ಏನೋ ತಣ್ಣಗಿರೋದು ಬಂದಿದೆಯಂತಲ್ಲೋ."

"ಹೂಂ ಅಣ್ಣ. ನಾಳೆ ಬೆಳಿಗ್ಗೆ ಅದಕ್ಕೆ ಕುಸ್ತಿ. ಮುಗಿದ ಮೇಲೆ ತರ್ತೀನಿ."

"ಯಾರ ಜೊತೆ ಕುಸ್ತಿ?"

"ಥೀಬ್ಸ್‌ನ ಹೆರ್ಮೋನ್."

ನಿಕಾಂಡ್ರೋಸ್ ಯೋಚಿಸಿದ. "ಹೆರ್ಮೋನ್‌ಗೆ ಸೊಂಟ ಗಟ್ಟಿ, ಬುದ್ಧಿ ತೆಳು. ನಾನು ಮಂಜುಗಡ್ಡೆ ಕಡೆ ಕಣೋ. ಹೇಗೆ ಕಾಣಿಸ್ತೀಯ ನೀನು ಆ ಬಟ್ಟೇಲಿ, ಸ್ವಲ್ಪ ತಿರುಗು ನೋಡೋಣ."

ಯೂಫ್ರಾನರ್ ತಿರುಗಿ ತೋರಿಸಿದ. ಅಣ್ಣನಿಗೆ ತೃಪ್ತಿಯಾಯಿತು.

ಮರುದಿನ ಮಂಜುಗಡ್ಡೆ ಕರುವಿನಷ್ಟಾಗಿತ್ತು. ಕುಸ್ತಿಯಲ್ಲಿ ತೂಕದ ಭೇದವಿಲ್ಲದ್ದರಿಂದ ಯಾರೂ ಆಕ್ಷೇಪಿಸಲಿಲ್ಲ. ಕಣದ ಮರಳಿನಲ್ಲಿ ಅದನ್ನು ನಿಲ್ಲಿಸಿದರು. ಹೆರ್ಮೋನ್ ತೊಡೆ ತಟ್ಟಿಕೊಂಡು ಬಂದು, ಎರಡೂ ತೋಳಿನಿಂದ ಅಪ್ಪಿ ಹಿಡಿದ. ಹಿಡಿದವನು ಅಲ್ಲಾಡಲಿಲ್ಲ. ಗಲ್ಲವನ್ನು ಅದರ ಮೇಲಿಟ್ಟು ಕಣ್ಣುಮುಚ್ಚಿದ.

"ಏ, ಎತ್ತಿ ಒಗೆಯೋ," ಎಂದು ಥೀಬ್ಸ್‌ನವರು ಕೂಗಿದರು.

"ಸ್ವಲ್ಪ ಇರ್ರಪ್ಪ," ಎಂದ ಹೆರ್ಮೋನ್. "ಮದುವೆಯಾದ ದಿನವೂ ಇಷ್ಟು ಹಿತ ಅನಿಸಿರಲಿಲ್ಲ."

ತೀರ್ಪುಗಾರರು ಬೆತ್ತದಿಂದ ಬಾರಿಸಿದ ಮೇಲೆ ಎತ್ತಲು ಹೋದ. ಕಾಲಡಿಯ ಮರಳು ಆಗಲೇ ಕೆಸರಾಗಿತ್ತು. ಜಾರಿ ಬೆನ್ನಮೇಲೆ ಬಿದ್ದ. ಎದ್ದು ಮತ್ತೆ ಹಿಡಿದ, ಮತ್ತೆ ಜಾರಿದ. ಮೂರನೆಯ ಸಲ ಹೆರ್ಮೋನ್ ಬಿದ್ದಲ್ಲಿಯೇ ಉಳಿದು, ಕೆಸರು ತಂಪಾಗಿದೆ, ಇಲ್ಲೇ ಇರುತ್ತೇನೆ ಎಂದ. ಮೂರು ಸಲ ನೆಲ ಮುಟ್ಟಿದವನು ಸೋತ. ಮಂಜುಗಡ್ಡೆಯ ಭುಜ ಒಂದು ಸಲವೂ ನೆಲ ಮುಟ್ಟಲಿಲ್ಲ, ಭುಜವೇ ಇಲ್ಲವೆಂಬ ಥೀಬ್ಸ್‌ನವರ ತಕರಾರನ್ನು ತಡವಾಗಿ ಬಂದದ್ದೆಂದು ತಳ್ಳಿಹಾಕಲಾಯಿತು.

ಕಿರೀಟವನ್ನು ತಲೆಯೆಂದು ತೀರ್ಮಾನಿಸಿದ ಭಾಗದ ಮೇಲೆ ಇಟ್ಟರು. ಅದು ನಿಧಾನವಾಗಿ ಒಳಗಿಳಿಯಿತು. ಮೆರವಣಿಗೆ ಹೊರಟಿತು, ಸ್ತೋತ್ರವಾಯಿತು, ಸ್ತೋತ್ರದಲ್ಲಿ ಒಂದು ಸಾಲು ಬಿಟ್ಟುಹೋಗಿದ್ದರಿಂದ ಮೊದಲಿನಿಂದ ಮತ್ತೊಮ್ಮೆಯಾಯಿತು. ಮೆರವಣಿಗೆ ದೇವಸ್ಥಾನ ಮುಟ್ಟಿದಾಗ ಪಲ್ಲಕ್ಕಿಯಲ್ಲಿ ಒದ್ದೆಯಾದ ಎಲೆಯ ಕಿರೀಟವೊಂದೇ ಕೂತಿತ್ತು. ವಿಜೇತರು ಸ್ವಾಮಿಯಲ್ಲಿ ಐಕ್ಯರಾದರು ಎಂದು ಡಂಗುರದವನು ಸಾರಿದ. ಜನ ನಮಸ್ಕರಿಸಿದರು.

ಗೋಡೆಯ ಪಕ್ಕ ಬಿಸಿಲಿನಲ್ಲಿ ಕಾದಿದ್ದ ಹೂಜಿಗಳ ಮುದ್ರೆ ಒಡೆಯುವಾಗ ಮಧ್ಯಾಹ್ನ ಇಳಿದಿತ್ತು. ತೀರ್ಪುಗಾರರು ಸಾಲು ತಪ್ಪಿಸಬಾರದೆಂದು ಯೂಫ್ರಾನರ್ ಕೊನೆಯಲ್ಲಿ ನಿಂತ. ಮುಂದೆ ನಿಂತವರೆಲ್ಲ ಮಂಡಿನೋವಿನವರು, ತಮ್ಮ ಮಂಡಿಯ ಕಥೆ ಹೇಳದೆ ಯಾರೂ ಕೊಂಡುಕೊಳ್ಳಲಿಲ್ಲ. ಅವನ ಸರದಿಗೆ ಒಂದು ಬಟ್ಟಲು ಉಳಿದಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಓಡಿದ. ಬಟ್ಟಲು ಕೈ ಸುಡುತ್ತಿತ್ತು.

"ಅಣ್ಣ, ತಂದಿದ್ದೀನಿ." ಬಟ್ಟೆ ಅದ್ದಿ ಹಣೆಗೆ ಒತ್ತಿದ.

ನಿಕಾಂಡ್ರೋಸ್ ತಮ್ಮನ ಮುಖ ನೋಡಿದ. ಕಿರಿಯವನು ಬಾಲ್ಯದಲ್ಲಿ ಬೇಯಿಸಿ ತಂದ ಸೀದ ಗಂಜಿಯನ್ನು ಚೆನ್ನಾಗಿದೆಯೆಂದು ಉಂಡವನ ಮುಖ ಅದು.

"ತಣ್ಣಗಿದೆ ಕಣೋ," ಎಂದ. "ಯಾರು ಗೆದ್ದರು?"

"ನಿನ್ನ ಕಡೆಯವರೇ."

"ಹಂಗಾದ್ರೆ ಸರಿ."

ಹೊತ್ತು ಮುಳುಗುವ ಮುಂಚೆ ನಿಕಾಂಡ್ರೋಸ್ ಸ್ವಾಮಿಯ ಪಾದ ಸೇರಿದ. ಉತ್ಸವದ ಪವಿತ್ರ ಶಾಂತಿಯ ಕಾಲದಲ್ಲಿ ಒಲಿಂಪಿಯದಲ್ಲಿ ಯಾರೂ ಸಾಯುವುದಕ್ಕೆ ಅವಕಾಶವಿಲ್ಲದ್ದರಿಂದ, ಮುಕ್ತಾಯದ ಔತಣಕ್ಕೆ ನಿಲ್ಲದೆ ಊರಿಗೆ ಹೊರಟರು ಎಂದು ಬರೆದುಕೊಳ್ಳಲಾಯಿತು. ತಮ್ಮ ಔತಣಕ್ಕೆ ಹೋಗಲೇಬೇಕಿತ್ತು, ಹೋದ. ಅಣ್ಣನ ಪಾಲಿನ ಮಾಂಸವನ್ನು ಕಚೇರಿಗೆ ವಾಪಸ್ ಒಪ್ಪಿಸಿದ ರೀತಿ ಕ್ರಮಬದ್ಧವಾಗಿತ್ತೆಂದು ಥಿಯೋಟಿಮೋಸ್ ಅವನ ಬೆನ್ನು ತಟ್ಟಿದರು.

ವಿಜೇತರ ಪ್ರತಿಮೆ ಬಾಕಿಯಿತ್ತು. ಪ್ರತಿಮೆ ವಿಜೇತರ ಮೈಯಳತೆಗಿಂತ ದೊಡ್ಡದಿರಬಾರದೆಂಬುದು ನಮ್ಮಲ್ಲಿ ಕಟ್ಟುನಿಟ್ಟು. "ಯಾವ ಹೊತ್ತಿನ ಅಳತೆ ಹಿಡೀಲಿ?" ಎಂದ ಶಿಲ್ಪಿ ಲೈಸನ್. "ಪ್ರತಿಮೆಗೆ ಆಜ್ಞೆ ಹೊರಟ ದಿನದ್ದು, ಅಂದ್ರೆ ಇವತ್ತಿನದು," ಎಂದರು ಥಿಯೋಟಿಮೋಸ್. ಲೈಸನ್ ಬಹಳ ಯೋಚಿಸಿ, ಒಂದು ಕಲ್ಲಿನ ಪೀಠ ಮಾಡಿ, ಅದರ ಮೇಲೆ ಆಜ್ಞೆಯ ದಿನ ಮಂಜುಗಡ್ಡೆ ಇದ್ದಷ್ಟನ್ನೇ ನಿಲ್ಲಿಸಿದ. ಕಂಚಿಗೂ ಕೂಲಿಗೂ ಪೂರ್ತಿ ಹಣ ಪಡೆದ. ಇಷ್ಟು ತದ್ರೂಪದ ಪ್ರತಿಮೆ ವನದಲ್ಲಿ ಇನ್ನೊಂದಿಲ್ಲವೆಂದು ಬಲ್ಲವರು ಹೇಳಿದರು.

ನಾಲ್ಕು ವರ್ಷದ ಮೇಲೆ ಮತ್ತೆ ಉತ್ಸವ ಬಂತು, ಬಿಸಿಲು ಇನ್ನೂ ಹೆಚ್ಚಿನ ಭಕ್ತಿಯಿಂದ ಬಂತು. ಪ್ರಶಸ್ತಿ ಉಳಿಸಿಕೊಳ್ಳಲು ಮಂಜುಗಡ್ಡೆಯವರ ಬಂಧುಗಳಿಗೆ ಆಹ್ವಾನ ಹೋಗಿತ್ತು. ಕ್ರಿನಾಸ್ ಖಾಲಿ ತೆಪ್ಪದಲ್ಲಿ ಬಂದ. "ಹೋದ ಸಲ ಕಡಿದ ಜಾಗದಲ್ಲಿ ಬರೀ ನೀರು. ಇನ್ನೂ ಮೇಲಕ್ಕೆ ಹೋದೆ, ಅಲ್ಲೂ ನೀರು."

"ಗೈರುಹಾಜರಿಗೆ ಕಾರಣ? ಕಾಯಿಲೆ, ಕಡಲ್ಗಳ್ಳರು, ಬಿರುಗಾಳಿ. ಯಾವುದು?"

"ಕರಗಿಹೋಗಿದೆ."

"ಅದು ಪಟ್ಟಿಯಲ್ಲಿಲ್ಲ," ಎಂದು ಥಿಯೋಟಿಮೋಸ್ ವಿಷಾದದಿಂದಲೇ ಉತ್ತರದ ಸಮುದ್ರಕ್ಕೆ ದಂಡ ಹಾಕಿದರು.

ಆಮೇಲೆ ಪ್ರತಿಮೆಗಳ ತಪಾಸಣೆ. ಮಂಜುಗಡ್ಡೆಯವರ ಪೀಠದ ಸುತ್ತ ಜನ ಸಾಲುಗಟ್ಟಿದ್ದರು. ಬಿಸಿಲು ಬಡಿದವರನ್ನು ಹೊತ್ತು ತಂದು ತಂಪಿಗೆಂದು ಅವರ ಕೈಯನ್ನು ಕಲ್ಲಿಗೆ ಮುಟ್ಟಿಸುತ್ತಿದ್ದರು. ಮುಟ್ಟಿದವರು ಆಹಾ ಎಂದು ಕೈ ಹಿಂದಕ್ಕೆ ಸೆಳೆದುಕೊಂಡು ಬಾಯಿಂದ ಊದಿಕೊಳ್ಳುತ್ತಿದ್ದರು. ಯೂಫ್ರಾನರ್ ಅಳತೆಕೋಲನ್ನು ಪೀಠದ ಮೇಲೆ ನಿಲ್ಲಿಸಿ, ಗಾಳಿಯನ್ನು ಅಳೆದು, ನಿಯಮ ಮೀರಿಲ್ಲವೆಂದು ಹೇಳಿದ.

"ಗುಣಲಕ್ಷಣ?" ಎಂದು ಹಲಗೆ ಹಿಡಿದವನು ಕೇಳಿದ.

ಯೂಫ್ರಾನರ್ ಅಂಗೈಯನ್ನು ಕಲ್ಲಿನ ಮೇಲಿಟ್ಟ. ಒಲೆಯಿಂದ ಇಳಿಸಿದ ಹೆಂಚಿನ ಹಾಗಿತ್ತು. ಕೈ ತೆಗೆಯಲಿಲ್ಲ. ಅಣ್ಣನಿಗಿಂತ ತಾನು ಹೆಚ್ಚಿನವನೇ?

"ತಣ್ಣಗಿದೆ," ಎಂದ. "ಬರಕೋ."