ಬೂದು ಮಹಾಶಯರ ನಡಿಗೆಯೂ ನನ್ನ ಮಗಳ ದಳಪತಿಯೂ

ಸಾಗರದ ಸಭಿಕರೇ, ಹೊಸನಗರದ ಮಹನೀಯರೇ, ತೀರ್ಥಹಳ್ಳಿಯ ರಸಿಕ ಮಹಾಶಯರೇ! ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದ ಗಣ್ಯರೇ, ಜಾಗ ಸಿಗದೆ ಕಾಂಪೌಂಡಿನ ಮೇಲೆ ಕಾಲು ಇಳಿಬಿಟ್ಟು ಕುಳಿತವರೇ! ಕಡಲೆಕಾಯಿ ಸುಲಿಯುವುದನ್ನು ಒಂದು ಗಳಿಗೆ ನಿಲ್ಲಿಸಿ ಕಿವಿಗೊಡಬೇಕಾಗಿ ವಿನಂತಿ. ಈ ಪತ್ರ ತಮಗೆ ಬರೆದದ್ದಲ್ಲ, ತಾವು ಸಾಕ್ಷಿಗಳು ಮಾತ್ರ. ಯಾರಿಗೆ ಬರೆದಿದ್ದೇನೋ ಅವರಿಗೆ ಕಿವಿಯಿಲ್ಲ, ಕಣ್ಣಿಲ್ಲ, ಮೂಗಿರಬೇಕಾದ ಜಾಗ ನುಣ್ಣಗಿದೆ. ಆದ್ದರಿಂದ ನನ್ನ ಅಹವಾಲನ್ನು ನಾಲ್ಕು ಜನರೆದುರು ಗಟ್ಟಿಯಾಗಿ ಓದದೆ ಬೇರೆ ದಾರಿ ಕಾಣಲಿಲ್ಲ.

ಅನಿಮೇಷನ್ ತಂತ್ರಾಂಶದ ಭಂಡಾರದಲ್ಲಿ ನೆಲೆಸಿರುವ, ಬೋಳುತಲೆಯ, ಬೂದುಬಣ್ಣದ, ವಸ್ತ್ರದ ಹಂಗಿಲ್ಲದ, ‘ಸಹಜ ನಡಿಗೆ’ ಎಂಬ ಬಿರುದು ಹೊತ್ತ ಮಾನ್ಯ ಬೂದು ಮಹಾಶಯರೇ,

ಸಾಗರದ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿರುವ, ನಮ್ಮೂರ ನಾಟಕ ಮಂಡಳಿಯಲ್ಲಿ ರಾಜನ ಪಾರ್ಟು ಬಿಟ್ಟು ಬೇರೆ ಪಾರ್ಟು ಒಪ್ಪದ ಸೀತಾರಾಮಪ್ಪನಾದ ನಾನು ತಮಗೆ ಸಾಷ್ಟಾಂಗ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ತಮ್ಮ ಯೋಗಕ್ಷೇಮ ವಿಚಾರಿಸುವುದು ಪದ್ಧತಿ. ಆದರೆ ಯೋಗವೂ ಕ್ಷೇಮವೂ ಇರಲು ಬೇಕಾದ ಹೊಟ್ಟೆಯೇ ತಮಗಿಲ್ಲವೆಂದು ನನ್ನ ಮಗಳು ತೋರಿಸಿಕೊಟ್ಟಿರುವುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಾನು ತೊಟ್ಟಿಲಲ್ಲಿ ಮಲಗಿದ್ದಕ್ಕಿಂತ ಹೆಚ್ಚಾಗಿ ಪರದೆಯ ಹಿಂದಿನ ಪೆಟ್ಟಿಗೆಗಳ ಮೇಲೆ ಮಲಗಿ ಬೆಳೆದವನು. ರಂಗದ ಮೇಲೆ ಕಾಲಿಟ್ಟವನು ಏನಾದರೂ ಮಾಡಲಿ, ಸಭೆಗೆ ಮಾತ್ರ ಬೆನ್ನು ತೋರಿಸಕೂಡದು ಎಂದು ನನಗೆ ಬಣ್ಣ ಹಚ್ಚಲು ಕಲಿಸಿದ ಮೇಷ್ಟ್ರು ಕಿವಿ ಹಿಂಡಿ ಹೇಳಿದ್ದರು. ಅವರು ಅದನ್ನು ರಂಗಕ್ಕೆ ಹೇಳಿದರೋ ಬದುಕಿಗೆ ಹೇಳಿದರೋ ಎಂದು ಕೇಳುವಷ್ಟು ಬುದ್ಧಿ ಆಗ ನನಗಿರಲಿಲ್ಲ. ಹಾಗಾಗಿ ಇವತ್ತಿಗೂ ಅಂಗಡಿಗೆ ಗಿರಾಕಿ ಬಂದರೆ ಎದೆ ಮುಂದೆ, ಗಲ್ಲ ಮೇಲೆ, ಕಾಲು ಅಡ್ಡಡ್ಡಕ್ಕೆ. ಹಿಂದಿನ ಕಪಾಟಿನಿಂದ ಕೊಳಗ ತರಬೇಕಾದರೂ ಮುಖವನ್ನು ಗಿರಾಕಿಯ ಕಡೆಗೇ ಇಟ್ಟು ಹಿಮ್ಮುಖವಾಗಿ ಸಾಗುತ್ತೇನೆ. ದಾರಿಯಲ್ಲಿ ಒಂದಷ್ಟು ಲೋಟಗಳು ಉರುಳುತ್ತವೆ, ಕೆಲವೊಮ್ಮೆ ಇಡ್ಲಿ ಪಾತ್ರೆ ಮೆಟ್ಟಿಲಿಳಿದು ರಸ್ತೆಗೇ ಹೋಗುತ್ತದೆ. ಪಕ್ಕದ ಬಟ್ಟೆ ಅಂಗಡಿಯ ಭೂತಪ್ಪ ಆ ಸದ್ದು ಕೇಳಿಯೇ, “ಓ, ಮಹಾರಾಜ್ರಿಗೆ ವ್ಯಾಪಾರ ಆಯ್ತು” ಎನ್ನುತ್ತಾನೆ. ಬ್ಯಾಂಕಿನಿಂದ, ಮದುವೆ ಮನೆಯಿಂದ, ಹಲ್ಲಿನ ಡಾಕ್ಟರ ಕೊಠಡಿಯಿಂದ, ಎಲ್ಲೆಡೆಯಿಂದಲೂ ನಾನು ಹಿಂದಕ್ಕೆ ನಡೆದೇ ನಿರ್ಗಮಿಸುವವನು.

ಇಂಥ ನನಗೆ ಕವನಾ ಎಂಬೊಬ್ಬಳು ಮಗಳು. ತೀರ್ಥಹಳ್ಳಿಯ ಹೊರಗಿನ ಗುಡ್ಡದ ಮೇಲೆ ವಿಶ್ವವಿದ್ಯಾಲಯದವರು ತೆರೆದಿರುವ ಗ್ರಾಫಿಕ್ ವಿನ್ಯಾಸ ಮತ್ತು ಅನಿಮೇಷನ್ ವಿಭಾಗದಲ್ಲಿ ಓದುತ್ತಿದ್ದಾಳೆ. ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಸಣ್ಣ ಚಿತ್ರ ಮಾಡಬೇಕು, ಅದು ಒಪ್ಪಿಗೆಯಾದರೆ ಪದವಿ, ಇಲ್ಲವಾದರೆ ಇಡೀ ವರ್ಷ ಮತ್ತೊಮ್ಮೆ. ಇವಳು ಆರಿಸಿಕೊಂಡದ್ದು ಹೊಸನಗರದ ಹತ್ತಿರ ‘ನಗರ’ ಎಂಬ ಊರಿನಲ್ಲಿರುವ ಹಳೆಯ ಕೋಟೆಯ ಒಬ್ಬ ದಳಪತಿಯ ಕಥೆ. ಯುದ್ಧವಿಲ್ಲ, ಕುದುರೆಯಿಲ್ಲ. ರಾಜ್ಯ ಹೋಯಿತು, ಕೆಲಸ ಹೋಯಿತು, ದಳಪತಿ ಕೋಟೆಯ ಮೆಟ್ಟಿಲಿಳಿದು ಮನೆಗೆ ನಡೆದು ಹೋಗುತ್ತಾನೆ. ಅಷ್ಟೇ ಚಿತ್ರ. ಒಂದೂ ಮಾತಿಲ್ಲ, ಇರುವುದೆಲ್ಲ ನಡಿಗೆ. ಆ ನಡಿಗೆಗಾಗಿ ಅವಳು ನನಗೆ ಗೊತ್ತಾಗದಂತೆ ಅಂಗಡಿಯ ಮೂಲೆಯಲ್ಲೂ ಮನೆಯ ಹೊಸ್ತಿಲ ಬಳಿಯೂ ಫೋನ್ ಇಟ್ಟು ನನ್ನನ್ನೇ ಚಿತ್ರೀಕರಿಸಿ, ವಿಡಿಯೋವನ್ನು ಕ್ಷಣಕ್ಷಣಕ್ಕೂ ತಡೆದು ನಿಲ್ಲಿಸಿ, ನನ್ನ ಒಂದೊಂದು ಹೆಜ್ಜೆಯನ್ನೂ ಕೈಯಲ್ಲಿ ಬಿಡಿಸಿ ದಳಪತಿಯ ಕಾಲಿಗೆ ಹಚ್ಚಿದಳು.

ಚಿತ್ರ ನೋಡಿದ ತೀರ್ಪುಗಾರರ ಮಂಡಳಿಯ ಪರವಾಗಿ ಆತ್ರೇಯ ಸರ್ ಎಂಬ ಸಜ್ಜನರು ಹೇಳಿದ ಮಾತನ್ನು ಮಗಳು ಮನೆಗೆ ಬಂದು ಹಾಗೇ ಒಪ್ಪಿಸಿದಳು: “ಬಣ್ಣ ಚೆನ್ನಾಗಿದೆ ಕವನಾ, ಕೋಟೆ ಚೆನ್ನಾಗಿದೆ. ಆದ್ರೆ ನಿನ್ನ ಪಾತ್ರ ಮನುಷ್ಯನ ಹಾಗೆ ನಡೀತಾ ಇಲ್ಲ. ಯಾವ ಮನುಷ್ಯನೂ ಹೀಗೆ ನಡೆಯೋಕೆ ಸಾಧ್ಯ ಇಲ್ಲ. ಸಾಫ್ಟ್‌ವೇರಿನ ಭಂಡಾರದಲ್ಲಿ ಸಹಜ ನಡಿಗೆ ಅಂತ ಒಂದು ರೆಡಿ ಇದೆ, ಯಾವ ಪಾತ್ರಕ್ಕೆ ಬೇಕಾದ್ರೂ ಹೊಂದುತ್ತೆ, ಅದನ್ನ ಹಾಕಿ ಇನ್ನೊಂದ್ಸಲ ತೋರ್ಸು.”

ಮಹಾಶಯರೇ, ಹೀಗೆ ನಮ್ಮಿಬ್ಬರ ಪರಿಚಯವಾಯಿತು. ಮನುಷ್ಯನಾಗಿ ಹುಟ್ಟಿ, ಮತ ಹಾಕಿ, ತೆರಿಗೆ ಕಟ್ಟಿ, ಮಂಡಿನೋವು ಅನುಭವಿಸುತ್ತಿರುವ ನಾನು ಮನುಷ್ಯನಂತಿಲ್ಲ ಎಂದೂ, ಮುಖವಿಲ್ಲದ ತಾವು ಇರಬೇಕಾದಂತೆಯೇ ಇದ್ದೀರಿ ಎಂದೂ ಒಂದು ವಿಶ್ವವಿದ್ಯಾಲಯ ತೀರ್ಮಾನಿಸಿದ ಮೇಲೆ ನಾನು ತಮ್ಮ ದರ್ಶನ ಮಾಡದೆ ಇರಲಾದೀತೇ? ಮಗಳ ಕಂಪ್ಯೂಟರಿನ ಮುಂದೆ ಕೈಮುಗಿದು ಕುಳಿತೆ. ಆಹಾ, ಏನು ನಡಿಗೆ! ಕೈ ಬೀಸಿದರೆ ಲೋಲಕ, ಕಾಲಿಟ್ಟರೆ ಹೊಲಿಗೆ ಯಂತ್ರ. ನಿಂತಲ್ಲೇ ನಡೆಯುತ್ತೀರಿ, ನಡೆಯುತ್ತಲೇ ನಿಂತಿರುತ್ತೀರಿ. ಉಣ್ಣಲು ಎದ್ದು ಹೋಗಿ ಬಂದು ನೋಡಿದರೂ ತಾವು ಅಲ್ಲೇ ಇದ್ದಿರಿ, ಒಂದು ಗೇಣೂ ಮುಂದೆ ಹೋಗಿರಲಿಲ್ಲ, ಒಂದು ಹನಿ ಬೆವರೂ ಇರಲಿಲ್ಲ.

ತಮ್ಮ ಕೃಪೆ ಇಡೀ ತರಗತಿಯ ಮೇಲೆ ಹರಿದಿರುವುದನ್ನೂ ಕಂಡೆ. ಮೇಧಾ ಎಂಬ ಹುಡುಗಿಯ ಚಿತ್ರದಲ್ಲಿ ಹಣ್ಣು ಹಣ್ಣು ಮುದುಕಿಯೊಬ್ಬರು ಬೂದು ಮಹಾಶಯರಾದ ತಮ್ಮ ನಡಿಗೆಯಲ್ಲೇ ಕೆಳದಿಯ ದೇವಸ್ಥಾನ ಸುತ್ತುತ್ತಾರೆ. ಊರುಗೋಲು ಮಾತ್ರ ಅವರ ಹಿಂದೆ ಗಾಳಿಯಲ್ಲಿ ತೇಲುತ್ತ ಬರುತ್ತದೆ. ಸುರೇಂದ್ರ ಎಂಬುವನ ಚಿತ್ರದಲ್ಲಿ ಕಳ್ಳನಿಗೂ ತಮ್ಮ ನಡಿಗೆ, ಅವನನ್ನು ಹಿಡಿಯಲು ಹೊರಟ ಪೊಲೀಸಿನವನಿಗೂ ತಮ್ಮ ನಡಿಗೆ. ಇಬ್ಬರ ನಡುವಿನ ಅಂತರ ಕಡಿಮೆಯಾಗುವ ಸಂಭವವೇ ಇಲ್ಲದ್ದರಿಂದ ಚಿತ್ರ ಮುಗಿಯುವ ತನಕ ಕಳ್ಳ ಸಿಕ್ಕಲಿಲ್ಲ. ಎರಡೂ ಚಿತ್ರಗಳು ಪಾಸಾದವು.

ನಾನು ತಂದೆ. ಮಗಳ ವರ್ಷ ಹಾಳಾಗುವುದಕ್ಕಿಂತ ನನ್ನ ಕಾಲನ್ನೇ ತಿದ್ದಿಕೊಳ್ಳುವುದು ಲೇಸೆಂದು ಬಗೆದೆ. ನಾನೇ ತಮ್ಮಂತೆ ನಡೆದರೆ, ಅವಳು ಹೊಸದಾಗಿ ಚಿತ್ರೀಕರಿಸಿ, ಅಪ್ಪನ ನಡಿಗೆಯೂ ಉಳಿದು ಮಂಡಳಿಯ ಮಾತೂ ಉಳಿಯುತ್ತದಲ್ಲವೇ? ಅಂಗಡಿಯ ಕುಕ್ಕರಿಗೆ ತಮ್ಮ ವಿಡಿಯೋ ಇದ್ದ ಫೋನ್ ಒರಗಿಸಿ, ತಮ್ಮನ್ನು ಗುರುಗಳೆಂದು ಸ್ವೀಕರಿಸಿ ಅಭ್ಯಾಸಕ್ಕೆ ತೊಡಗಿದೆ. ಎದೆಯನ್ನು ಒಳಕ್ಕೆ ಎಳೆದೆ, ಗಲ್ಲವನ್ನು ಇಳಿಸಿದೆ, ಕೈಗಳನ್ನು ಅನಾಥವಾಗಿ ಬಿಟ್ಟೆ. ಒಂದು ಬೆಳಿಗ್ಗೆ ಧೈರ್ಯ ಮಾಡಿ ಪೇಟೆಯ ಬೀದಿಗಿಳಿದೆ. ನಮ್ಮ ಬೀದಿಯ ನಾಯಿ, ದಿನಾ ನನ್ನ ಕೈಯಿಂದಲೇ ಬಿಸ್ಕತ್ತು ತಿನ್ನುವಂಥದ್ದು, ನನ್ನನ್ನು ನೋಡಿ ಬೊಗಳುತ್ತ ಹಿಂದಕ್ಕೆ ಸರಿಯಿತು. ಹೂವಿನ ವಿಶಾಲಮ್ಮ ಬುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿ, “ಯಾರೋ ಜಪ್ತಿಗೆ ಬಂದ ಆಫೀಸರು ಅಂತ ಮಾಡಿದ್ದೆ ಮಾರಾಯ್ರೆ!” ಎಂದಳು. ಭೂತಪ್ಪನಂತೂ ಓಡಿಬಂದು ರಟ್ಟೆ ಹಿಡಿದುಕೊಂಡ. “ಎಂತ ಆಯ್ತು ಸೀತಾರಾಮಣ್ಣ, ಲಕ್ವ ಹೊಡೀತಾ? ಮಾತಾಡಿ, ಮಾತಾಡಿ!” ನಾನು ಸಹಜವಾಗಿ ನಡೆಯುತ್ತಿದ್ದೇನೆ ಎಂದು ಹೇಳಿದ್ದೇ ತಡ, ಅವನು ಆಟೋ ಕರೆದ.

ಮನೆ ಬಾಗಿಲಲ್ಲಿ ಆಟೋದಿಂದ ನನ್ನನ್ನು ಇಳಿಸಿಕೊಂಡವಳು ಕವನಾ. ಎದುರು ಕೂರಿಸಿ, “ಅಪ್ಪ, ಇದನ್ನ ನಿಲ್ಸಿ. ನಾನು ನಡಿಗೆ ಬದಲಾಯಿಸ್ತಾ ಇಲ್ಲ” ಎಂದಳು.

ನಾನು ರಾಜಗಾಂಭೀರ್ಯವನ್ನೆಲ್ಲ ಬದಿಗಿಟ್ಟು ಬೇಡಿಕೊಂಡೆ. “ಹಾಕಿಬಿಡು ಮಗಳೇ. ಒಂದು ಗುಂಡಿ ಒತ್ತಿದ್ರೆ ಆಗುತ್ತಂತಲ್ಲ. ನಿನ್ನ ಫೇಲ್ ಮಾಡ್ತಾರೆ.”

“ಮಾಡ್ಲಿ. ಆ ದಳಪತಿಗೆ ಎಲ್ಲಾ ಹೋಗಿದೆ. ಅವ್ನ ಹತ್ರ ಉಳಿದಿರೋದು ನಡಿಗೆ ಒಂದೇ. ಅದನ್ನೂ ನಾನೇ ಕಿತ್ಕೊಳ್ಳಲಾ? ಆ ಬೂದು ಮನುಷ್ಯ ಬಂದು ಬಾಗ್ಲು ತಟ್ಟಿದ್ರೆ ಅಮ್ಮ ತೆಗೀತಾಳಾ, ಕೇಳಿ.”

ಒಳಗಿನಿಂದ ನನ್ನ ಪತ್ನಿ ವರದಮ್ಮ ಕೇಳದೆಯೇ ಹೇಳಿದಳು: “ನಾನ್ಯಾಕೆ ತೆಗೀಲಿ? ಅನ್ನಕ್ಕೆ ಕರೆದ್ರೂ ರಾಜ್ಯ ಗೆದ್ದು ಬಂದಂಗೆ ಬರೋರ ಜೊತೆ ಇಷ್ಟು ವರ್ಷ ಬಾಳ್ವೆ ಮಾಡಿದೀನಿ. ಸುಮ್ನೆ ನಡ್ಕಂಡು ಬಂದೋರಿಗೆಲ್ಲ ಬಡಿಸೋಕಾಗಲ್ಲ.”

ಆದ್ದರಿಂದ ಬೂದು ಮಹಾಶಯರೇ, ತಮ್ಮ ಘನತೆಗೆ ಕುಂದು ಬಾರದಂತೆ ಕೆಲವು ಸಣ್ಣ ಬೇಡಿಕೆಗಳನ್ನು ಮುಂದಿಡುತ್ತೇನೆ. ತಾವು ದಯಮಾಡಿ ಒಂದು ಸಲ ಭಂಡಾರದಿಂದ ಹೊರಬಂದು, ಸಂತೆಯ ದಿನ ಸಾಗರದ ಪೇಟೆಯಲ್ಲಿ, ತುಂಬಿದ ಕೊಡ ಹಿಡಿದು, ಒಂದು ಚಪ್ಪಲಿಯ ಉಂಗುಷ್ಠ ಕಿತ್ತುಹೋದ ಸ್ಥಿತಿಯಲ್ಲಿ ನಡೆದು ತೋರಿಸಬೇಕು. ಯಾರ ಮೇಲಾದರೂ ಮುನಿಸಿಕೊಂಡು ಎದ್ದು ಹೋಗಬೇಕು, ಅರ್ಧ ದಾರಿಯಲ್ಲಿ ಅವರು ಕರೆಯಲಿ ಎಂದು ನಿಧಾನ ಮಾಡಬೇಕು. ಕಾಲಿಗೆ ಒಂದು ಆಣಿಯನ್ನಾದರೂ ಬೆಳೆಸಿಕೊಳ್ಳಬೇಕು. ಇದ್ಯಾವುದೂ ಆಗದಿದ್ದರೆ, ಇಷ್ಟು ಕಾಲದಿಂದ ನಡೆಯುತ್ತಲೇ ಇರುವ ತಾವು ಒಂದು ದಿನವಾದರೂ ಒಂದು ಮನೆಯನ್ನು ತಲುಪಬೇಕು. ತಲುಪಿದವರ ಕಾಲು ಹೊಸ್ತಿಲ ಹತ್ತಿರ ಹೇಗೆ ಬದಲಾಗುತ್ತದೆ ಎಂಬುದನ್ನು ನನ್ನ ಮಗಳು ಬಿಡಿಸಿದ್ದಾಳೆ, ಬಿಡುವಾದಾಗ ನೋಡಬೇಕು. ಅಲ್ಲಿ ದಳಪತಿಯ ಎದೆ ಒಂದು ಗೆರೆಯಷ್ಟು ಇಳಿಯುತ್ತದೆ. ನನ್ನದೂ ಇಳಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಹೆಜ್ಜೆ ಹೊಂದದಿದ್ದರೂ ವಿಶ್ವಾಸಕ್ಕೆ ಕೊರತೆಯಿಲ್ಲದ, ತಮ್ಮ ವಿಶ್ವಾಸಿ,
ಸೀತಾರಾಮಪ್ಪ,
ಪಾತ್ರೆ ವ್ಯಾಪಾರಿ ಹಾಗೂ ರಾಜಪಾತ್ರಧಾರಿ, ಸಾಗರ

ಮರೆತಿದ್ದ ಮಾತು: ನಾಳೆ ಮಂಡಳಿಯ ಮುಂದೆ ಚಿತ್ರದ ಮರುಪ್ರದರ್ಶನವಿದೆ, ಕವನಾ ಒಂದು ಗೆರೆಯನ್ನೂ ಬದಲಿಸಿಲ್ಲ. ಬಸ್ಸು ಹತ್ತುವ ನಡಿಗೆ ತಮ್ಮ ಭಂಡಾರದಲ್ಲಿ ಇದ್ದರೆ ತಾವೂ ಬನ್ನಿ, ಕಿಟಕಿಯ ಪಕ್ಕದ ಸೀಟು ತಮಗೇ ಬಿಡುತ್ತೇನೆ. ನಾನಂತೂ ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಮಗಳ ಜೊತೆ ಹೊರಟು, ಹೊಸನಗರದಲ್ಲಿ ಒಂದು ಚಹಾ ಕುಡಿದು, ತೀರ್ಥಹಳ್ಳಿಯ ಆ ಗುಡ್ಡ ಹತ್ತಿ, ಆತ್ರೇಯ ಸರ್ ಅವರಿಗೆ ನಮಸ್ಕರಿಸಿ, ಅವರ ಪರದೆಯ ಪಕ್ಕದಲ್ಲಿ ಹೋಗಿ ನಿಲ್ಲುತ್ತೇನೆ. ದೀಪ ಆರಲಿ, ಚಿತ್ರ ಶುರುವಾಗಲಿ. ದಳಪತಿ ಬಲಗಾಲೆತ್ತಿದಾಗ ನಾನೂ ಬಲಗಾಲೆತ್ತುತ್ತೇನೆ, ಅವನು ಮೆಟ್ಟಿಲಿಳಿದಂತೆ ನಾನೂ ಇಳಿಯುತ್ತೇನೆ, ಅವನು ಮನೆ ಮುಟ್ಟುವವರೆಗೂ ನಡೆಯುತ್ತೇನೆ. ಇಬ್ಬರಲ್ಲಿ ಯಾರು ಮನುಷ್ಯನಲ್ಲವೋ, ಮಂಡಳಿಯವರು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಲಿ.