ಮಾಸ್ಟರು ಡೀಸೆಲ್ ಇಂಜಿನ್ ಕೂರಿಸಿದ್ದು

ಪ್ಯಾಂಟಿಗೆ ಜಿಪ್ ಹಾಕುವವನು ಪಿಕಪ್ ಗಾಡಿಗೆ ಇಂಜಿನ್ ಹಾಕಬಾರದು ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆ? ಇದು ಟೈಲರ್ ಮಾಸ್ಟರ ಪ್ರಶ್ನೆ. ಈ ಪ್ರಶ್ನೆಯನ್ನು ಅವರು ಮೊದಲು ಹೆಂಡತಿಗೆ ಕೇಳಿದರು. ಆಮೇಲೆ ಅಳತೆ ಕೊಡಲು ಬಂದು ಎರಡೂ ಕೈ ಎತ್ತಿ ನಿಂತಿದ್ದ ಗಿರಾಕಿಗಳಿಗೆಲ್ಲ ಕೇಳಿದರು. ಕೈ ಎತ್ತಿ ನಿಂತವರು ವಾದ ಮಾಡುವುದಿಲ್ಲ. ಹಾಗಾಗಿ ಇಡೀ ಬೀದಿ ತಮ್ಮ ಪಕ್ಷ ಎಂದು ಮಾಸ್ಟರು ತೀರ್ಮಾನಿಸಿದರು.

ಇಷ್ಟಕ್ಕೆಲ್ಲ ಕಾರಣ ಮಾವನವರ ಹಳೇ ಪಿಕಪ್. ಇಟ್ಟಿಗೆ ಹೇರಿ ಹೇರಿ ಮಗಳನ್ನೂ ಮಗನನ್ನೂ ಸಾಕಿದ ಗಾಡಿ ಅದು. ಮಗಳು ಡ್ರೈವಿಂಗ್ ಕಲಿತದ್ದೂ ಅದರಲ್ಲೇ. ಮಾವ ತೀರಿಕೊಂಡ ಮೇಲೆ ಮಗಳ ಅಂಗಳಕ್ಕೆ ಬಂತು. ಅದರ ಪೆಟ್ರೋಲ್ ಇಂಜಿನ್ ಕೆಮ್ಮಿ ಕೆಮ್ಮಿ ಕೊನೆಗೊಂದು ದಿನ ತಣ್ಣಗಾಯಿತು. ಮಾಸ್ಟರ ಬಾಮೈದ ಗ್ಯಾರೇಜ್ ಇಟ್ಟವನು. ಬಂದ, ಬಾನೆಟ್ ಎತ್ತಿದ, ಲೊಚಗುಟ್ಟಿದ.

"ಅಕ್ಕಾ, ಇದರ ಕಥೆ ಮುಗೀತು. ಗುಜರಿಗೆ ಹಾಕೋಣ."

"ಅಪ್ಪನ ಗಾಡೀನ ಗುಜರಿಗೆ ಹಾಕ್ತೀಯೇನೋ?" ಎಂದಳು ಅಕ್ಕ. ಕಣ್ಣು ತುಂಬಿ ಬಂದವು. ಹೆಂಡತಿಯ ಕಣ್ಣಲ್ಲಿ ನೀರು ಕಂಡರೆ ಮಾಸ್ಟರಿಗೆ ಬುದ್ಧಿ ಕೈಕೊಡುತ್ತದೆ. (ಬೇರೆ ಹೊತ್ತಿನಲ್ಲಿ ಕೈಹಿಡಿಯುತ್ತದೆ ಎಂದು ಇದರ ಅರ್ಥವಲ್ಲ.)

"ಯಾರೂ ಎಲ್ಲಿಗೂ ಹಾಕೋದು ಬೇಡ! ನಾನು ಇದಕ್ಕೆ ಡೀಸೆಲ್ ಇಂಜಿನ್ ಕೂರಿಸ್ತೀನಿ. ಏನು ಮಹಾ, ಆಲ್ಟರೇಷನ್ ತಾನೇ?"

"ಭಾವ, ಇದು ಸೂಜಿ ದಾರದ ಕೆಲಸ ಅಲ್ಲ."

"ಹೊಲಿಗೆ ಮಿಷನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸ್ತೀನಿ ಕಣಯ್ಯ ನಾನು!"

ಬಾಮೈದ ಅಕ್ಕನ ಮುಖ ನೋಡಿದ, ಭಾವನ ಮುಖ ನೋಡಿದ. "ಆಯ್ತು. ಅಪ್ಪನ ಗಾಡಿ ಅಂಗಳದಲ್ಲಿ ತುಕ್ಕು ಹಿಡಿಯೋದನ್ನ ನೋಡೋಕೆ ನನ್ನ ಕೈಲಾಗಲ್ಲ. ಮಳೆಗಾಲ ಶುರುವಾಗೋದ್ರೊಳಗೆ ಇದು ತಾನಾಗಿ ಓಡ್ಕೊಂಡು ನನ್ನ ಗ್ಯಾರೇಜಿಗೆ ಬರ್ಲಿ, ಮತ್ತೆ ಗುಜರಿ ಮಾತೆತ್ತಲ್ಲ. ಬರ್ಲಿಲ್ವೋ, ನಾನೇ ಎಳ್ಕೊಂಡು ಹೋಗ್ತೀನಿ." ಆಗಲಿ ಎಂದು ಅಕ್ಕ ತಲೆ ಆಡಿಸಿದಳು.

ಅಂದಿನಿಂದ ಅಂಗಡಿಯಲ್ಲಿ ಅಂಗಿಗಳು ತೋಳಿಲ್ಲದೆ ಕಾದವು. ಬಾಡಿ ಕೊಳೆತು ಮೂಲೆ ಸೇರಿದ್ದ ವ್ಯಾನೊಂದರ ಡೀಸೆಲ್ ಇಂಜಿನ್, ಗೇರ್‌ಬಾಕ್ಸ್ ಸಮೇತ ಅಂಗಳಕ್ಕೆ ಬಂತು. ಅದರ ಬೆಲೆಗೆ ಬದಲಾಗಿ ವ್ಯಾನಿನ ಮಾಲೀಕನ ಉಳಿದ ಗಾಡಿಗಳಿಗೆಲ್ಲ ಮಾಸ್ಟರು ಸೀಟ್ ಕವರ್ ಹೊಲಿದುಕೊಟ್ಟಿದ್ದರು. ಮೂರು ಕಂಬ ನಿಲ್ಲಿಸಿ, ಚೈನ್ ಕಟ್ಟಿ, ಹಳೇದನ್ನು ಹೊರತೆಗೆದು, ಡೀಸೆಲ್ ಇಂಜಿನ್ನನ್ನು ಮೇಲೆತ್ತಿ ತೂಗುಹಾಕಿದಾಗ ಅವರು ಕೊರಳಿನ ಟೇಪ್ ಎಳೆದು ಅದರ ಸುತ್ತ ಪ್ರದಕ್ಷಿಣೆ ಬಂದರು. ಉದ್ದ, ಅಗಲ, ಎತ್ತರ, ಸುತ್ತಳತೆ ಎಲ್ಲ ಆಯಿತು. ಗಾಡಿಯ ಒಳಮೈಗೆ ಚಾಕಿನಿಂದ ಗೆರೆ ಎಳೆದರು.

"ಎರಡೂ ಕಡೆ ಎರಡೆರಡು ಇಂಚು ಲೂಸ್ ಬಿಟ್ಟಿದ್ದೀನಿ. ಉಸಿರಾಡ್ಕೊಂಡಿರ್ಲಿ ಪಾಪ," ಎಂದು ಹೆಂಡತಿಗೆ ವಿವರಿಸಿದರು.

ಪಕ್ಕದ ಮನೆಯ ವೆಲ್ಡರ್ ಬಂದು ಚಾಕಿನ ಗೆರೆ ಕಂಡಲ್ಲೆಲ್ಲ ಬ್ರಾಕೆಟ್ ಬೆಸೆದ. ಚೈನ್ ಸಡಿಲಿಸಿದರು. ಇಂಜಿನ್ ಮೆಲ್ಲಗೆ ಇಳಿದು, ಹೇಳಿ ಮಾಡಿಸಿದ ಹಾಗೆ ಕುಳಿತಿತು. ಕಾಂಪೌಂಡಿನ ಮೇಲಿಂದ ಇಣುಕುತ್ತಿದ್ದ ನೆರೆಹೊರೆ ಚಪ್ಪಾಳೆ ತಟ್ಟಿತು. ಮಾಸ್ಟರು ಗಂಭೀರವಾಗಿ ಬಾನೆಟ್ ಮುಚ್ಚಿದರು. ಅದು ಮುಚ್ಚಲಿಲ್ಲ. ಗೇಣುದ್ದ ಬಾಯಿ ತೆರೆದುಕೊಂಡು ನಿಂತಿತು.

"ಎತ್ತರ ಅಳೆದಿರ್ಲಿಲ್ವೇನ್ರೀ?"

"ಅಳೆದಿದ್ದೆ ಕಣೇ. ಅದು ಕೂರೋ ಬ್ರಾಕೆಟ್ಟಿನ ಎತ್ತರ ಸೇರಿಸಿರ್ಲಿಲ್ಲ."

"ಅಂದ್ರೆ, ಪ್ಯಾಂಟಿಗೆ ಅಳತೆ ತಗೊಂಡು ಬೂಟು ಮರೆತ್ರಿ."

ಮೂವತ್ತು ವರ್ಷದ ವೃತ್ತಿಜೀವನದಲ್ಲಿ ಯಾವ ಗಿರಾಕಿಯೂ ಮಾಸ್ಟರಿಗೆ ಇಂಥ ಮಾತು ಅಂದಿರಲಿಲ್ಲ. ಅವರಿಗೆ ನಿಜವಾಗಿಯೂ ನೋವಾಯಿತು. ಆದರೆ ಬಿಗಿಯಾದದ್ದನ್ನು ಬಿಡಿಸದವನು ಟೈಲರೇ ಅಲ್ಲ. ಬಾನೆಟ್ಟಿನ ನಡುವೆ ದುಂಡಗೆ ಕತ್ತರಿಸಿದರು. ಆ ತೂತಿನ ಮೇಲೆ ಅಡುಗೆಮನೆಯಿಂದ ತಂದ ದೊಡ್ಡದೊಂದು ಪಾತ್ರೆ ಬೋರಲು ಹಾಕಿ, ಅಂಚಿನುದ್ದಕ್ಕೂ ರಿವೆಟ್ ಹೊಡೆದರು. ಗುಂಡಿ ಹೊಲಿದಷ್ಟೇ ಸಮವಾಗಿ ಬಂತು.

"ಅದು ನನ್ನ ಪಾತ್ರೆ ಅಲ್ವಾ?" ಎಂದು ಹೆಂಡತಿ ಚೀರಿದಳು.

"ಆಗಿತ್ತು. ಈಗ ಅದಕ್ಕೆ ಬಡ್ತಿ ಸಿಕ್ಕಿದೆ."

ಮೊದಲ ಮೋಡ ಕಂಡ ದಿನ ಬೆಳಿಗ್ಗೆ ಮಾಸ್ಟರು ಉಸಿರು ಬಿಗಿಹಿಡಿದು ಕೀ ತಿರುಗಿಸಿದರು. ಇಂಜಿನ್ ಗೊಣಗಿತು. ಇನ್ನೊಮ್ಮೆ ತಿರುಗಿಸಿದರು. ಬೈದುಕೊಂಡಿತು. ಮೂರನೇ ಸಲಕ್ಕೆ ಹಿಂದಿನಿಂದ ಕರೀ ಹೊಗೆಯ ಮುದ್ದೆಯೊಂದು ಹೊರಟು, ಎದುರುಮನೆಯವರು ಒಣಹಾಕಿದ್ದ ಬಿಳೀ ಬಟ್ಟೆಗಳಿಗೆಲ್ಲ ಹೊಸ ಬಣ್ಣ ಕೊಟ್ಟು, ಇಂಜಿನ್ ಗಡಗಡ ಎಂದು ಶುರುವಾಯಿತು. ಹೆಂಡತಿ ಓಡಿಬಂದು, ಬೀದಿಯವರೆಲ್ಲ ನೋಡುತ್ತಿದ್ದಾರೆ ಎಂಬುದನ್ನೂ ಮರೆತು ಗ್ರೀಸ್ ಮೆತ್ತಿದ ಅವರ ಕೈ ಹಿಡಿದುಕೊಂಡಳು. "ಅಪ್ಪನ ಗಾಡಿ ಉಳಿಸಿದ್ರಿ ಕಣ್ರೀ," ಎಂದಳು. ಮಾಸ್ಟರು ಹಿಗ್ಗಿದರು. ಮದುವೆಯಾದಾಗಿನಿಂದ ಇಷ್ಟು ದೊಡ್ಡ ಮನುಷ್ಯನಾದ ನೆನಪು ಅವರಿಗಿರಲಿಲ್ಲ.

"ಒಂಚೂರು ಆಫ್ ಮಾಡಿ. ಬಟ್ಟೆ ಬದಲಾಯಿಸ್ಕೊಂಡು ಬರ್ತೀನಿ, ಗ್ಯಾರೇಜಿಗೆ ಹೋಗೋಣ," ಎಂದಳು.

ಮಾಸ್ಟರು ಕೀ ಹಿಂದಕ್ಕೆ ತಿರುಗಿಸಿದರು. ಗಡಗಡ. ಮತ್ತೆ ತಿರುಗಿಸಿದರು. ಗಡಗಡ. ಕೀ ಕಿತ್ತು ಜೇಬಿಗೇ ಹಾಕಿಕೊಂಡರು. ಇಂಜಿನ್ ಅದಕ್ಕೆ ಕ್ಯಾರೇ ಅನ್ನಲಿಲ್ಲ.

ಪೆಟ್ರೋಲ್ ಇಂಜಿನ್ನಾದರೆ ಕೀ ತಿರುಗಿಸಿದೊಡನೆ ಕಿಡಿ ನಿಂತು ಉಸಿರೂ ನಿಲ್ಲುತ್ತದೆ. ಇಂಥ ಹಳೇ ಡೀಸೆಲ್‌ಗೆ ಕಿಡಿಯ ಹಂಗೇ ಇಲ್ಲ. ಅದನ್ನು ನಿಲ್ಲಿಸಬೇಕಾದರೆ ಡ್ರೈವರ್ ಎದುರಿನ ತಂತಿಯೊಂದನ್ನು ಎಳೆದು ಎಣ್ಣೆ ಬರುವುದನ್ನು ತಡೆಯಬೇಕು. ಆ ತಂತಿ ವ್ಯಾನಿನಲ್ಲೇ ಉಳಿದುಹೋಗಿತ್ತು. ಇದೆಲ್ಲ ಮಾಸ್ಟರಿಗೆ ಆಮೇಲೆ ತಿಳಿದ ಜ್ಞಾನ. ಆಗ ತಿಳಿದಿದ್ದು ಇಷ್ಟೇ: ಕೀ ಜೇಬಿನಲ್ಲಿದೆ, ಇಂಜಿನ್ ಓಡುತ್ತಿದೆ.

"ಏನಾಯ್ತ್ರೀ?"

"ಏನಿಲ್ಲ! ಬಿಸಿ ಆರಬಾರದು. ಹತ್ತು ಹತ್ತು, ಹೀಗೇ ಲಕ್ಷಣವಾಗಿದ್ದೀಯ!"

ಹೆಂಡತಿಗೆ ಅನುಮಾನ ಬಂದದ್ದು ಆಗಲೇ. ಸುಮ್ಮಸುಮ್ಮನೆ ಹೊಗಳುವ ಪೈಕಿ ಅಲ್ಲ ಅವಳ ಗಂಡ.

ಪಿಕಪ್ ಪಾತ್ರೆ ಹೊತ್ತುಕೊಂಡು ಪೇಟೆಯ ನಡುವೆ ಹೊರಟಿತು. ಜನ ಅಂಗಡಿಗಳಿಂದ ಹೊರಬಂದು ನೋಡಿದರು. ಮಾಸ್ಟರು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದರಲ್ಲಿ ಎಲ್ಲರಿಗೂ ನಮಸ್ಕಾರ ಹೇಳಿದರು. ಗ್ಯಾರೇಜಿನ ಗೇಟು ದಾಟಿದಾಗ ಕೆಲಸದವರೆಲ್ಲ ಪಾನಾ ಕೆಳಗಿಟ್ಟು ಸುತ್ತ ನೆರೆದರು. ಬಾಮೈದ ಗಾಡಿಯ ಸುತ್ತ ಬಂದು, ಬಾಗಿಲ ಮೇಲೆ ಅಂಗೈ ಆಡಿಸಿದ.

"ಭಾವ, ಸೋತೆ!" ಎಂದು ಕೂಗಿದ. (ಮೆಲ್ಲಗೆ ಹೇಳಿದರೆ ಕೇಳುವಂತಿರಲಿಲ್ಲ.) "ಗುಜರಿ ಮಾತೆತ್ತಿದ್ರೆ ನನ್ನ ಕಿವಿ ಹಿಂಡಿ! ಆಫ್ ಮಾಡಿ, ಟೀ ಕುಡಿಯೋಣ!"

"ಇರ್ಲಿ ಬಿಡು! ಡೀಸೆಲ್ ಅಂದ್ರೆ ಮಾನವಂತ ಇಂಜಿನ್ನು! ಬಂದ ಕೂಡ್ಲೇ ಬಾಯಿ ಮುಚ್ಚಿಸಬಾರದು!"

ಟೀ ಬಂತು. ಗಡಗಡದ ನಡುವೆಯೇ ಕುಡಿದರು. ಇನ್ನೊಂದು ಸುತ್ತು ಟೀಯೂ ಬಂತು. ಕೆಲಸದವರು ಹೊಗೆಗೆ ಮೂಗು ಮುಚ್ಚಿಕೊಂಡರು. ಮಾಸ್ಟರು ಗಾಡಿಗೆ ಬೆನ್ನು ಹಾಕಿ ಕುಳಿತು, ಡೀಸೆಲ್ಲಿನ ಗುಣಗಾನವನ್ನು ಗಂಟಲು ಹರಿಯುವಂತೆ ನಡೆಸಿದರು. ಹೆಂಡತಿ ಲೋಟ ಕೆಳಗಿಟ್ಟು ಎದ್ದು ಹೋದದ್ದನ್ನು ಅವರು ನೋಡಲಿಲ್ಲ.

ಬಾಮೈದ ಹತ್ತಿರ ಸರಿದ. "ಭಾವ, ನಿಜ ಹೇಳಿ! ಯಾಕೆ ಆಫ್ ಮಾಡ್ತಿಲ್ಲ?"

ಮಾಸ್ಟರು ಸುತ್ತ ಕಣ್ಣಾಡಿಸಿದರು. ಈ ಗದ್ದಲದಲ್ಲಿ ಪಕ್ಕದವನಿಗೂ ಏನೂ ಕೇಳಿಸದು. ಮನೆಯವನೇ ತಾನೇ, ಹೇಳಿಬಿಟ್ಟರೆ ಮನಸ್ಸು ಹಗುರಾಗುತ್ತದೆ. ಬಾಮೈದನ ತಲೆಯನ್ನು ಎಳೆದುಕೊಂಡು, ಕಿವಿಗೆ ಬಾಯಿಟ್ಟು, ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ಕೂಗತೊಡಗಿದರು.

ಅದೇ ಹೊತ್ತಿಗೆ ಡ್ರೈವರ್ ಸೀಟಿನಲ್ಲಿ ಕುಳಿತಿದ್ದ ಹೆಂಡತಿ ಟಾಪ್ ಗೇರಿಗೆ ಹಾಕಿ, ಬ್ರೇಕನ್ನು ಬಲವಾಗಿ ತುಳಿದು, ಕ್ಲಚ್ ಬಿಟ್ಟಳು. ಗಾಡಿ ಒಮ್ಮೆ ಬೆಚ್ಚಿಬಿದ್ದು ಇಂಜಿನ್ ನಿಂತುಹೋಯಿತು. ಗ್ಯಾರೇಜಿನಲ್ಲಿ ಸೂಜಿ ಬಿದ್ದರೂ ಕೇಳಿಸುವಂಥ ನಿಶ್ಶಬ್ದ. ಅದರಲ್ಲಿ ಮಾಸ್ಟರ ಕಂಠ ಮೊಳಗಿತು:

"ಓಡಿಸೋದು ಗೊತ್ತು ಕಣಯ್ಯಾ! ನಿಲ್ಲಿಸೋದು ಹೇಗೆ ಅಂತ ದೇವರಾಣೆಗೂ ಗೊತ್ತಿಲ್ಲ!"

ಗ್ಯಾರೇಜೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೆಂಡತಿ ಕಿಟಕಿಯಿಂದ ತಲೆ ಹೊರಹಾಕಿದಳು.

"ಏನ್ರಯ್ಯಾ ನಗ್ತೀರಿ? ನಿಲ್ಲಿಸೋದು ಯಾರಿಗೆ ಬರಲ್ಲ? ಸತ್ತ ಗಾಡೀನ ಹೊರಡಿಸಿದ್ದು ಯಾರು? ನಮ್ಮ ಯಜಮಾನ್ರು!" ಎಂದಳು. ಆಮೇಲೆ ಕೈ ಚಾಚಿದಳು. "ಕೀ ಕೊಡ್ರೀ ಇಲ್ಲಿ. ಆ ಕಡೆಯಿಂದ ಹತ್ತಿ."

ಮಾಸ್ಟರು ಕೀ ಕೊಟ್ಟರು. ಎದೆ ಉಬ್ಬಿಸಿಕೊಂಡು, ರಾಜಗಾಂಭೀರ್ಯದಿಂದ ಗಾಡಿಯ ಮುಂದಿನಿಂದ ಸುತ್ತಿ ಬಂದು, ಪಕ್ಕದ ಸೀಟಿನಲ್ಲಿ ಕುಳಿತರು.